ವಸಂತಣ್ಣನ ಕೆಂಪು ಬೈರಾಸು

ವಸಂತಣ್ಣ ಆಫೀಸಿನಿಂದ ಬಂದವರು ನೇರ ಮನೆಯೊಳಗೆ ಹೋದದ್ದನ್ನು ನಾನು ಕಂಡದ್ದೇ ಇಲ್ಲ. ಕಾರು ನಿಲ್ಲಿಸಿ, ಊಟದ ಡಬ್ಬಿಯ ಚೀಲವನ್ನು ಎಡಗೈಗೆ ಬದಲಿಸಿಕೊಂಡು, ಪೋರ್ಟಿಕೋದ ನೆರಳಿನ ಗೋಡೆಯಲ್ಲಿದ್ದ ಮೀಟರ್ ಬಾಕ್ಸಿನ ಮುಚ್ಚಳದ ಮೇಲೆ ಬಲಗೈಯ ಅಂಗೈ ಇಡುತ್ತಿದ್ದರು. ಶಾಲೆಯಿಂದ ಮುಖ ಬಾಡಿಸಿಕೊಂಡು ಬಂದ ಮಗುವಿನ ಹಣೆ ಮುಟ್ಟಿ ನೋಡುತ್ತೇವಲ್ಲ, ಹಾಗೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಲ್ಲುವರು. ಆಮೇಲೆ "ಇವತ್ತು ಪರವಾಗಿಲ್ಲ" ಎಂದೋ, "ಸ್ವಲ್ಪ ಜ್ವರ ಉಂಟು ಇದಕ್ಕೆ" ಎಂದೋ ಗೋಡೆಗೇ ಹೇಳಿ ಚಪ್ಪಲಿ ಬಿಡುವರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿ ನಗುತ್ತಿದ್ದೆ. ಈಗ ಆ ಕಿಟಕಿಗೆ ದಪ್ಪ ಪರದೆ ಹಾಕಿದ್ದೇನೆ.

ದೋಹಾದ ಮದೀನತ್ ಖಲೀಫಾದಲ್ಲಿ ನಾವಿದ್ದದ್ದು ಹಳೆಯ ವಿಲ್ಲಾ ಒಂದರಲ್ಲಿ. ಒಂದು ದೊಡ್ಡ ಕುಟುಂಬಕ್ಕೆಂದು ಕಟ್ಟಿದ ಮನೆ. ಆಮೇಲೆ ಯಾರೋ ಒಳಗೆ ಅಡ್ಡಗೋಡೆ ಎಬ್ಬಿಸಿ, ಹಾಲನ್ನು ಎರಡು ಮಾಡಿ, ಕೆಲಸದವರ ಕೋಣೆಗೆ ಅಡುಗೆಕಟ್ಟೆ ಕೂರಿಸಿ ಆರು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಸಂಸಾರ ಆರಾದರೂ ರಸ್ತೆಯಿಂದ ಬರುವ ಕರೆಂಟಿನ ಕೇಬಲ್ ಹಳೆಯದೇ, ಒಂದೇ. ಕರೆಂಟು ನೀರು ಬಾಡಿಗೆಯಲ್ಲೇ ಸೇರಿದ್ದರಿಂದ ಅದು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ ಎಂದು ನಾವು ಯಾರೂ ತಲೆ ಕೆಡಿಸಿಕೊಂಡವರಲ್ಲ. ಆ ತಲೆನೋವನ್ನೆಲ್ಲ ವಸಂತಣ್ಣನಿಗೆ ವಹಿಸಿ ನಾವು ಎ.ಸಿ. ಹಾಕಿ ಮಲಗುತ್ತಿದ್ದೆವು.

ಅವರ ಉದ್ಯೋಗವೇ ಅದಾಗಿತ್ತು. ಹೊಸ ಬಡಾವಣೆಗಳಿಗೆ ಎಷ್ಟು ದಪ್ಪದ ಕೇಬಲ್ ಬೇಕು, ಎಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು ಎಂದು ಲೆಕ್ಕ ಹಾಕಿಕೊಡುವ ಒಂದು ಕನ್ಸಲ್ಟೆನ್ಸಿಯಲ್ಲಿ ಹಿರಿಯ ಎಂಜಿನಿಯರ್. ಊರು ಮೂಲ್ಕಿ ಕಡೆ, ಮನೆಮಾತು ತುಳು. ಬಾಯಿ ತೆರೆದರೆ ಲೋಡು, ವಯರಿನ ಮೇಲೆ ಬೀಳುವ ಕರೆಂಟಿನ ಭಾರ. ಮದುವೆಮನೆಗೆ ಹೋದರೆ ದೀಪದ ಸರ ನೋಡಿ ಲೋಡು, ಮಾಲ್‌ಗೆ ಹೋದರೆ ಎಸ್ಕಲೇಟರ್ ನೋಡಿ ಲೋಡು. ಶಿರ್ವದ ವಿನ್ಸೆಂಟ್, ನಮ್ಮ ಮೇಲಿನ ಮನೆಯವನು, ಅವರಿಗೆ 'ಲೋಡಣ್ಣ' ಎಂದು ಹೆಸರಿಟ್ಟಿದ್ದ. ಎದುರಿಗೇ ಕರೆದರೂ ಅವರಿಗೆ ಬೇಜಾರಿಲ್ಲ.

"ಈ ದೇಶದಲ್ಲಿ ಕರೆಂಟು ಬೇಕಾದಷ್ಟು ಉಂಟು ಟೀಚರೇ. ನೆಲದಡಿ ಗ್ಯಾಸ್ ಉಂಟು, ಉರಿಸಿದ್ರೆ ಆಯ್ತು. ಆದ್ರೆ ನಮ್ಮ ಗೇಟಿನವರೆಗೆ ಬರುವ ದಾರಿ ಸಪೂರ. ದೊಡ್ಡ ಕೆರೆ ಇದ್ದು ಎಂತ ಮಾಡುದು, ಪೈಪು ಸಪೂರ ಆದ್ರೆ?" ಎಂದು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ. ನಾನು ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಶಾಲೆಯಲ್ಲಿ ಪಾಠ ಹೇಳುವವಳು. ಅವರ ಮಟ್ಟಿಗೆ ನಾನು ಹೆಸರಿಲ್ಲದ ಟೀಚರು.

ಇಷ್ಟೆಲ್ಲ ಲೋಡಿನ ಧ್ಯಾನ ಯಾಕೆ ಎಂದರೆ ಸುಮತಿಯಕ್ಕ. ಅವರ ಹೆಂಡತಿ. ಗೇಟಿನ ಪಕ್ಕದ ಕೆಳಮನೆಯಲ್ಲಿ, ಕಿಟಕಿಯ ಹತ್ತಿರದ ಮಂಚದಲ್ಲಿ ಅವರ ವಾಸ. ಶ್ವಾಸಕೋಶ ಹಾಳಾಗಿ, ಮೂಗಿಗೆ ಸಪೂರ ಕೊಳವೆ ಸಿಕ್ಕಿಸಿಕೊಂಡೇ ಇರಬೇಕಾಗಿತ್ತು. ಮಂಚದ ಪಕ್ಕದಲ್ಲಿ ಚಿಕ್ಕ ಬೀರುವಿನಷ್ಟು ದೊಡ್ಡ ಆಕ್ಸಿಜನ್ ಮಿಷನ್. ಕೋಣೆಯ ಗಾಳಿಯನ್ನೇ ಎಳೆದು ಸೋಸಿ ಕೊಡುವಂಥದ್ದು, ಕರೆಂಟಿದ್ದರೆ ಮಾತ್ರ. ಅದರ ಗುರ್ ಗುರ್ ಸದ್ದು ಹಗಲಿಡೀ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಸುಮತಿಯಕ್ಕ ಅದನ್ನು 'ನನ್ನ ಸವತಿ' ಎನ್ನುತ್ತಿದ್ದರು. "ಮನೆಗೆ ಬಂದ ಕೂಡ್ಲೇ ಮೊದ್ಲು ಅವಳ ಕ್ಷೇಮಸಮಾಚಾರ ಟೀಚರೇ, ಆಮೇಲೆ ನನ್ನದು" ಎಂದು ಎರಡು ಮಾತಿಗೊಮ್ಮೆ ಉಸಿರೆಳೆದುಕೊಂಡು ನಗುವರು. ನಕ್ಕರೆ ಕೆಮ್ಮು ಬರುತ್ತಿತ್ತು, ಆದರೂ ನಗುತ್ತಿದ್ದರು. ಅಂಥ ಹೆಂಗಸನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ.

ಅವರಿಗೆ ಹೊಗೆ ಸ್ವಲ್ಪವೂ ಆಗುತ್ತಿರಲಿಲ್ಲ. ವಿಲ್ಲಾದ ಸುತ್ತಲಿನ ಅಂಗಳದಲ್ಲಿ ನಿಲ್ಲಿಸಿದ ಕಾರು ಯಾವುದೇ ಇರಲಿ, ಹೊರಗೆ ಹೋಗಬೇಕಾದರೆ ಅವರ ಕಿಟಕಿಯ ಕೆಳಗೇ ಹಾಯಬೇಕು. ಅದಕ್ಕೇ ವಸಂತಣ್ಣ ತಮ್ಮ ಹಳೆಯ ಗಾಡಿ ಕೊಟ್ಟು ಪ್ಲಗ್‌ಇನ್ ಹೈಬ್ರಿಡ್ ತಂದರು. ಪೆಟ್ರೋಲೂ ಉಂಟು, ಬ್ಯಾಟರಿಯೂ ಉಂಟು. ಮನೆಯ ಸಾಕೆಟ್ಟಿಗೆ ಸಿಕ್ಕಿಸಿ ಚಾರ್ಜ್ ಮಾಡಿದರೆ ಒಂದಷ್ಟು ದೂರ ಎಂಜಿನ್ ಚಾಲೂ ಆಗದೆ, ಹೊಗೆ ಬಿಡದೆ ಓಡುತ್ತದೆ. ಅದು ಸದ್ದಿಲ್ಲದೆ ಗೇಟು ದಾಟಿದ ಮೊದಲ ದಿನ ಸುಮತಿಯಕ್ಕ ಕಿಟಕಿಯಿಂದ ಕೈ ಬೀಸಿದ್ದರು.

ಅದನ್ನು ನೋಡಿ ವಿನ್ಸೆಂಟ್ ತಂದ. "ಅಕ್ಕನಿಗೆ ಹೊಗೆ ಆಗುದಿಲ್ಲ ಅಲ್ವಾ, ಅದಕ್ಕೆ" ಎಂದ. ಕರೆಂಟು ಬಾಡಿಗೆಯಲ್ಲೇ ಸೇರಿದೆ ಎಂಬುದೂ ಅವನಿಗೆ ಗೊತ್ತಿಲ್ಲದೆ ಇರಲಿಲ್ಲ; ಅಕೌಂಟ್ಸಿನವನು. ಆಮೇಲೆ ನಮ್ಮವರು, ಆಮೇಲೆ ಹಿಂದಿನ ಮನೆಗಳವರು. ನೋಡನೋಡುತ್ತ ಆರರಲ್ಲಿ ಐದು ಮನೆಗೆ ಅದೇ ಜಾತಿಯ ಗಾಡಿ. ಕಿಟಕಿ ಕಿಟಕಿಯಿಂದ ಕೇಬಲ್ ಇಳಿಬಿಟ್ಟು ನಮ್ಮ ವಿಲ್ಲಾ ಆಸ್ಪತ್ರೆಯ ವಾರ್ಡಿನ ಹಾಗೆ ಕಾಣುತ್ತಿತ್ತು.

ಆ ಬೇಸಿಗೆಯಲ್ಲೇ ತೊಂದರೆ ಶುರುವಾಯಿತು. ಎಲ್ಲರೂ ಕೆಲಸ ಬಿಟ್ಟು ಬರುವುದು ಒಂದೇ ಹೊತ್ತಿಗೆ, ಬಂದವರು ಎ.ಸಿ. ಹಾಕುವುದು ಆಗಲೇ, ಕಾರು ಸಿಕ್ಕಿಸುವುದೂ ಆಗಲೇ. ದೀಪ ಮಂಕಾಗಿ, ಸುಮತಿಯಕ್ಕನ ಮಿಷನ್ ಪೀಂ ಎಂದು ಕೂಗುವುದು. ಒಮ್ಮೊಮ್ಮೆ ಭಾರ ತಾಳದೆ ಮೇನ್ ಸ್ವಿಚ್ಚೇ ಬಿದ್ದು ಕರೆಂಟು ಹೋಗುವುದು. ವಸಂತಣ್ಣ ಓಡಿ ಬಂದು ಎತ್ತಿ ಹಾಕುವರು. ದೂರು ಹೋಗಿ ಹೋಗಿ ರೋಸಿದ ಬಾಡಿಗೆಯ ಏಜೆಂಟು ಒಂದು ದಿನ ಯಾರನ್ನೋ ಕಳಿಸಿ ಬೀಳದಂಥ ದೊಡ್ಡ ಸ್ವಿಚ್ಚು ಹಾಕಿಸಿದ. ವಸಂತಣ್ಣ ಜೋರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಸ್ವಿಚ್ಚು ದೊಡ್ಡದು ಮಾಡಿದ್ರೆ ವಯರು ದೊಡ್ಡದಾಗ್ತದಾ? ಅದು ಬೀಳುದೇ ನಮ್ಮನ್ನು ಉಳಿಸ್ಲಿಕ್ಕೆ!" ಏಜೆಂಟು "ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ" ಎಂದು ಫೋನಿಟ್ಟ. ಅವತ್ತಿನಿಂದ ಅವರು ಮುಚ್ಚಳ ಮುಟ್ಟಿ ಜ್ವರ ನೋಡದೆ ಮನೆಯೊಳಗೆ ಹೋದದ್ದಿಲ್ಲ.

ಗಾಡಿ ಸಿಕ್ಕಿಸಲೇಬೇಡಿ ಎಂದಿದ್ದರೆ ಮುಗಿಯುತ್ತಿತ್ತು. ನಾನೇ ಕೇಳಿದೆ, "ಹೇಗೂ ಪೆಟ್ರೋಲಿನಲ್ಲಿ ಹೋಗ್ತದಲ್ಲ ವಸಂತಣ್ಣ? ಖಡಾಖಂಡಿತ ಬೇಡ ಅಂತ ಹೇಳಿಬಿಡಿ." ಅವರು ಒಪ್ಪಲಿಲ್ಲ.

"ಬೇಡ ಅಂತ ಹೇಳುದು ಯಾವ ದೊಡ್ಡ ಕೆಲಸ ಟೀಚರೇ? ನಾಳೆ ಇಡೀ ಊರಲ್ಲಿ ಇಂಥದ್ದೇ ಗಾಡಿ ಬರ್ತದೆ. ಎಲ್ಲರಿಗೂ ಬೇಡ ಅನ್ಲಿಕ್ಕೆ ಆಗ್ತದಾ? ಸರದಿಯಲ್ಲಿ ಹಾಕಿದ್ರೆ ಇದೇ ವಯರು ಸಾಕು. ನಿಮ್ಮ ಕ್ಲಾಸಲ್ಲಿ ಎಲ್ಲ ಮಕ್ಕಳೂ ಒಟ್ಟಿಗೇ ನೀರು ಕುಡೀಲಿಕ್ಕೆ ಹೋಗ್ತೇವೆ ಅಂತಾರಾ?"

"ಅಂದ್ರೆ ನಾನು ಬಿಡುದಿಲ್ಲ."

"ಬಿಡುದು ಬಿಡದೆ ಇರುದು ಬೇರೆ. ಅವರು ಕೇಳುದೇ ಇಲ್ಲ. ಒಬ್ಬನಿಗೆ ಬಾಯಾರಿಕೆ, ಒಬ್ಬನಿಗೆ ನಿದ್ದೆ, ಒಬ್ಬನಿಗೆ ಪಕ್ಕದವನ ಪೆನ್ಸಿಲ್ ಕದಿಯುವ ಆಲೋಚನೆ. ಅದಕ್ಕೇ ಶಾಲೆಗೆ ಎರಡು ನಲ್ಲಿ ಸಾಕು. ನಮ್ಮ ಕಸುಬು ನಿಂತದ್ದೇ ಇದರ ಮೇಲೆ. ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಮನಸ್ಸು ಬರುದಿಲ್ಲ ಅಂತ ನಂಬಿಯೇ ನಾವು ವಯರು ಹಾಕುದು."

ಹಾಗೆ ಬಂದದ್ದು ಬೈರಾಸು. ಊರಿಂದ ತಂದ ಕೆಂಪು ಚೌಕಳಿಯ ಟವೆಲು. ಅವರ ಬಾಗಿಲೆದುರಿನ ಹಗ್ಗದ ಮೇಲೆ ಅದು ತೂಗುತ್ತಿದ್ದರೆ ಯಾರೂ ಗಾಡಿ ಸಿಕ್ಕಿಸಬಾರದು. ವಿಲ್ಲಾದ ಭಾರ ಇಳಿಯಿತೆಂದು ಅನಿಸಿದಾಗ ಅವರು ಬೈರಾಸು ತೆಗೆದು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಇಳಿಯುವರು. "ಯಲ್ಲಾ ವಿನ್ಸೆಂಟ್, ನಿಂದು ಹಾಕು ಮಾರಾಯ!" ಅವನದಾದ ಮೇಲೆ "ಖಲಾಸ್, ಇನ್ನು ಟೀಚರದ್ದು!" ನಮ್ಮವರು ಅವರನ್ನು ಬಸ್ಸಿನ ಕಂಡಕ್ಟರ್ ಎಂದು ತಮಾಷೆ ಮಾಡುತ್ತಿದ್ದರು. ವಾಟ್ಸಾಪಿನಲ್ಲಿ ಮೆಸೇಜ್ ಹಾಕಿದರೆ ಸಾಲದೇ ಎಂದು ಹಿಂದಿನ ಮನೆಯವರು ಕೇಳಿದ್ದಕ್ಕೆ, "ಮೊಬೈಲು ಸೈಲೆಂಟಲ್ಲಿ ಇಡ್ತೀರಿ, ಬೈರಾಸನ್ನು ಸೈಲೆಂಟಲ್ಲಿ ಇಡ್ಲಿಕ್ಕೆ ಬರುದಿಲ್ಲ" ಎಂದಿದ್ದರು.

ಮತ್ತೆ ಮಿಷನ್ ಕೂಗಲಿಲ್ಲ. ಗಾಡಿಯಿದ್ದ ಯಾವ ಮನೆಯವರೂ ಬೈರಾಸಿನ ಮಾತು ಮೀರಲಿಲ್ಲ. ರಸ್ತೆಯಂಚಿನ ಟ್ರಾನ್ಸ್‌ಫಾರ್ಮರಿಗೂ ರಾತ್ರಿ ಉಸಿರಾಡಲು ಬಿಡಬೇಕು, ಇಡೀ ಹಗಲು ಕಾದ ಜೀವ ಅದು ಎನ್ನುತ್ತಿದ್ದರು ವಸಂತಣ್ಣ. ಇನ್ನು ಕೆಲವು ವರ್ಷಗಳಲ್ಲಿ ಮನೆಯ ಕರೆಂಟು ಹೋದಾಗ ಕಾರೇ ಮನೆಗೆ ಕರೆಂಟು ಕೊಡುತ್ತದೆ, ಅಂಥ ಗಾಡಿಗಳು ಬರತೊಡಗಿವೆ ಎಂದು ಆಸೆಯಿಂದ ಹೇಳುತ್ತಿದ್ದರು. "ನಮ್ಮವು ತಗೊಳ್ಳುವ ಗಾಡಿ ಅಷ್ಟೇ. ಕೊಡುವ ಗಾಡಿ ಬಂದ ಮೇಲೆ ನೋಡಿ, ಸುಮತಿಗೆ ನಾನೇ ಬೇಡ."

ಆ ಶುಕ್ರವಾರವನ್ನು ಈಗ ಹೇಳಬೇಕು. ಹೇಳದೆ ವಸಂತಣ್ಣನ ಚಿತ್ರ ಮುಗಿಯುವುದಿಲ್ಲ.

ಅಂದು ಸಂಜೆ ಊರಿನವರ ಸಂಘದ ಕೂಟವಿತ್ತು. ವಸಂತಣ್ಣ, ಸುಮತಿಯಕ್ಕ ಇಬ್ಬರನ್ನು ಬಿಟ್ಟು ವಿಲ್ಲಾದ ಎಲ್ಲರೂ ಹೊರಡುವವರೇ. ಬೆಳಗಿನಿಂದಲೇ ಗೋಡೆಯಾಚೆ ಸುಮತಿಯಕ್ಕನ ಕೆಮ್ಮು ಕೇಳುತ್ತಿತ್ತು. ಜ್ವರವೂ ಬಂದಿತ್ತು. ನಾನು ಗಂಜಿ ಕೊಡಲು ಹೋದಾಗ ಅವರು ಕಣ್ಣಲ್ಲೇ ನಕ್ಕರು. ಮಧ್ಯಾಹ್ನದ ಬಿಸಿಲು ಹೇಳತೀರದು. ಪರದೆಗಳನ್ನೆಲ್ಲ ಎಳೆದು, ಇದ್ದಬದ್ದ ಎ.ಸಿ. ಹಾಕಿ ಎಲ್ಲರೂ ಒಳಗೆ.

ಅಂಥ ಹೊತ್ತಿನಲ್ಲಿ ವಸಂತಣ್ಣ ಹೊರಗೆ ಬಂದು ಹಗ್ಗದ ಮೇಲಿದ್ದ ಬೈರಾಸು ಎಳೆದುಕೊಂಡು ಒಳಗೆ ಹೋದರು. ಒದ್ದೆ ಮಾಡಿ ಹೆಂಡತಿಯ ಹಣೆಗೆ, ಕುತ್ತಿಗೆಗೆ ಹಾಕಲು. ಕೈಗೆ ಸಿಕ್ಕಿದ್ದು ಅದು, ಅಷ್ಟೇ. ಆ ಗಾಬರಿಯಲ್ಲಿ ಅದು ಬರೀ ಟವೆಲು, ಮತ್ತೇನೂ ಅಲ್ಲ.

ನಮಗೆ ಕಂಡದ್ದು ಖಾಲಿ ಹಗ್ಗ.

ನಮ್ಮವರು ಕಿಟಕಿಯಿಂದ ನೋಡಿದರು. "ಬೈರಾಸು ತೆಗೆದಿದ್ದಾರೆ. ಪಾಪ, ಕರೆಯಲಿಕ್ಕೆ ಅವರಿಗೆ ಪುರುಸೊತ್ತು ಎಲ್ಲಿಂದ? ಅಕ್ಕನ ಹತ್ತಿರ ಇರಲಿ. ಸಂಜೆ ಎಂಜಿನ್ ಚಾಲೂ ಮಾಡಿ ಆ ಕಿಟಕಿಯ ಕೆಳಗೆ ಹೊಗೆ ಬಿಟ್ಟುಕೊಂಡು ಹೋಗುವುದು ಬೇಡ" ಎಂದು ಸದ್ದಾಗದ ಹಾಗೆ ಹೋಗಿ ಗಾಡಿಗೆ ಪ್ಲಗ್ಗು ಸಿಕ್ಕಿಸಿ ಬಂದರು. ಎಷ್ಟು ಒಳ್ಳೆಯ ಮನುಷ್ಯ ಎಂದು ನನಗೆ ಆಗ ಅನಿಸಿತ್ತು. ಮೇಲಿನಿಂದ ವಿನ್ಸೆಂಟ್ ಇಣುಕಿ ನೋಡಿದ. ಅವನೂ ಅದನ್ನೇ ಯೋಚಿಸಿದ. ಹಿಂದಿನ ಅಂಗಳದಲ್ಲಿ ಗಾಡಿ ನಿಲ್ಲಿಸುವ ಎರಡು ಮನೆಯವರೂ ಅದನ್ನೇ. ಅಣ್ಣನನ್ನು ಹೊರಗೆ ಕರೆಯುವುದು ಬೇಡ, ಅಕ್ಕನಿಗೆ ಹೊಗೆ ಹೋಗುವುದು ಬೇಡ. ನಾಲ್ಕು ಗಾಡಿ, ನಾಲ್ಕು ಕಿಟಕಿ, ನಾನೊಬ್ಬನೇ ಎಂದುಕೊಂಡ ನಾಲ್ಕು ಜನ. ಒಂದು ಗಾಡಿ ಇನ್ನೊಂದಕ್ಕೆ ಕಾಣುವಂತಿರಲಿಲ್ಲ. ನಾಲ್ಕರಲ್ಲೂ ಪೆಟ್ರೋಲ್ ಬೇಕಾದಷ್ಟಿತ್ತು.

ಸ್ವಲ್ಪ ಹೊತ್ತಿಗೆ ಪೋರ್ಟಿಕೋದಲ್ಲಿ ಢಬ್ ಎಂದು ಸದ್ದಾಯಿತು. ಎ.ಸಿ.ಗಳೆಲ್ಲ ನಿಂತವು. ರಬ್ಬರು ಸುಟ್ಟ ವಾಸನೆ. ಆಮೇಲೆ ಕೇಳಿದ್ದು ಮಿಷನ್ನಿನ ಕೂಗು. ಕರೆಂಟು ಹೋದರೂ ಕೂಗುವುದಕ್ಕೆ ಮಾತ್ರ ಅದರೊಳಗೆ ಬ್ಯಾಟರಿ ಇತ್ತು.

ವಸಂತಣ್ಣ ಓಡಿ ಬಂದರು. ಹೆಗಲ ಮೇಲೆ ಒದ್ದೆ ಬೈರಾಸು. ಅಭ್ಯಾಸದಂತೆ ಮುಚ್ಚಳಕ್ಕೆ ಅಂಗೈ ಇಟ್ಟು, ಚರ್ಮ ಸುಟ್ಟು, ಹಿಂದಕ್ಕೆಳೆದರು. ದೊಡ್ಡ ಸ್ವಿಚ್ಚು ಬಿದ್ದಿರಲಿಲ್ಲ. ಅದರ ಕೆಳಗೆ ಕೇಬಲಿನ ಜೋಡಣೆಯೇ ಕರಗಿ ಹೋಗಿತ್ತು, ಎತ್ತಿ ಹಾಕಲು ಏನೂ ಉಳಿದಿರಲಿಲ್ಲ. ನಾವೆಲ್ಲ ಹೊರಗೆ ಬಂದೆವು. ಆಗ ನಾಲ್ಕು ಕಿಟಕಿಯಿಂದಲೂ ಇಳಿದ ಕೇಬಲ್ ಎಲ್ಲರಿಗೂ ಕಂಡಿತು. ವಸಂತಣ್ಣನೂ ನೋಡಿದರು. ಬಾಯಿ ತೆರೆದು ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಿರುಗಿ ಒಳಗೆ ಓಡಿದರು.

ಇಂಥದ್ದಕ್ಕೆಂದೇ ಇಟ್ಟ ಚಿಕ್ಕ ಸಿಲಿಂಡರ್ ಒಂದಿತ್ತು. ಅದು ಮುಗಿಯುತ್ತ ಬಂದಿತ್ತು. ಬದಲಿ ಸಿಲಿಂಡರ್ ಭಾನುವಾರ ಬರುವುದಿತ್ತು. ವಿನ್ಸೆಂಟ್ ಆಂಬುಲೆನ್ಸಿಗೆ ಫೋನ್ ಮಾಡಿದ; ಆಕ್ಸಿಜನ್ ತರುತ್ತೇವೆ, ನೀವು ಹೊರಡಬೇಡಿ, ಅಲ್ಲೇ ಇರಿ ಎಂದರು. ಕೋಣೆ ಕಾಯತೊಡಗಿತ್ತು. ನಮ್ಮವರೂ ವಸಂತಣ್ಣನೂ ಸುಮತಿಯಕ್ಕನನ್ನು ಎತ್ತಿ ತಂದು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಕಾರಿನ ಎ.ಸಿ. ಬ್ಯಾಟರಿಯ ಮೇಲೆಯೇ ತಣ್ಣಗೆ ಓಡುತ್ತಿತ್ತು. ತಂಪು ಇತ್ತು, ಗಾಳಿ ಇತ್ತು, ಅವರಿಗೆ ಬೇಕಾದ ಗಾಳಿ ಇರಲಿಲ್ಲ. ನಾನು ಅವರ ಪಾದ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಉಗುರುಗಳು ನೀಲಿಗಟ್ಟುತ್ತಿದ್ದವು.

"ವಸಂತಣ್ಣ," ವಿನ್ಸೆಂಟ್ ಅಳುತ್ತಿದ್ದ. "ಇಷ್ಟು ಗಾಡಿಯಲ್ಲಿ ಕರೆಂಟು ಉಂಟಲ್ಲ. ಒಂದು ವಯರು ಎಳೆದು ಆ ಮಿಷನ್‌ಗೆ ಎಂತಾದ್ರೂ ಮಾಡ್ಲಿಕ್ಕೆ ಆಗುದಿಲ್ವಾ?"

"ಇಲ್ಲ ಮಾರಾಯ. ಇವು ತಗೊಳ್ಳುವ ಗಾಡಿ."

ಎಲ್ಲರಿಗಿಂತ ಮೆತ್ತಗೆ ಹೇಳಿದ್ದು ಅವರೇ. ಮಗುವಿಗೆ ಇವತ್ತು ಬೇಡ, ನಾಳೆ ಕೊಡಿಸ್ತೇನೆ ಎನ್ನುವ ದನಿಯಲ್ಲಿ. ಹೊಟ್ಟೆಯೊಳಗೆ ಕರೆಂಟು ತುಂಬಿಕೊಂಡ ಐದು ಗಾಡಿಗಳು ವಿಲ್ಲಾದ ಸುತ್ತ ನಿಂತಿದ್ದವು. 

ಆಂಬುಲೆನ್ಸ್ ಬೇಗನೇ ಬಂತು, ಸುಳ್ಳು ಹೇಳಬಾರದು. ಸಿಲಿಂಡರ್ ಅದಕ್ಕಿಂತ ಬೇಗ ಮುಗಿದಿತ್ತು. ಆಸ್ಪತ್ರೆಯಲ್ಲಿ ಸುಮತಿಯಕ್ಕ ಕೆಲವು ದಿನ ಇದ್ದರು, ಕಣ್ಣು ತೆರೆಯಲಿಲ್ಲ. ಶ್ವಾಸಕೋಶ ಮೊದಲೇ ಅಷ್ಟು ಹಾಳಾಗಿತ್ತು, ಜ್ವರವೂ ಇತ್ತು, ಇದರಿಂದಲೇ ಎಂದು ಹೇಳಲಾಗದು ಎಂದರು ಡಾಕ್ಟರು. ಇದರಿಂದಲ್ಲ ಎಂದೂ ಹೇಳಲಿಲ್ಲ. ನಾವು ಆ ಮಾತನ್ನು ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದೆವು. ಆಗಲಿಲ್ಲ.

ವಿಲ್ಲಾಕ್ಕೆ ಕರೆಂಟು ಮರುದಿನವೇ ಬಂದಿತ್ತು. ಹೊಸ ಜೋಡಣೆ, ಹೊಸ ಮುಚ್ಚಳ. ಎ.ಸಿ.ಗಳು ಮೊದಲಿನಂತೆಯೇ ಓಡಿದವು. ಎಲ್ಲ ಮೊದಲಿನಂತೆ ಓಡುತ್ತದಲ್ಲ ಎನ್ನುವುದೇ ನನಗೆ ತಡೆಯಲಾಗದ ಸಂಗತಿ. ಯಾರ ಮೇಲೆ ಸಿಟ್ಟು ಮಾಡಲಿ? ಏಜೆಂಟನ ಮೇಲೆ ಮಾಡಿ ನೋಡಿದೆ. ಅವನು ಫೋನೆತ್ತಲಿಲ್ಲ. ನಮ್ಮವರ ಮೇಲೆ ಮಾಡಿ ನೋಡಿದೆ. ಅವರು ಊಟ ಬಿಟ್ಟು ಕೂತರು. ಒಬ್ಬೊಬ್ಬರೇ ನನ್ನ ಹತ್ತಿರ ಬಂದು ಅದೇ ಎರಡು ಮಾತು ಹೇಳಿ ಹೋದರು: ಅಣ್ಣನಿಗೆ ತೊಂದರೆ ಬೇಡ ಅಂತ, ಅಕ್ಕನಿಗೆ ಹೊಗೆ ಬೇಡ ಅಂತ. ಕೇಳಿ ಕೇಳಿ ನನಗೆ ಒಳ್ಳೆಯತನ ಎಂಬ ಮಾತೇ ಹೇಸಿಗೆಯಾಯಿತು.

ವಸಂತಣ್ಣ ಹೆಂಡತಿಯ ದೇಹದ ಜೊತೆ ಊರಿಗೆ ಹೋದವರು ಕೆಲಸ ಬಿಡುವ ಕಾಗದಪತ್ರ ಮುಗಿಸಲು ಮತ್ತೊಮ್ಮೆ ಬಂದರು. ಕಾರು ಯಾರಿಗೋ ಕೊಟ್ಟರು. ಮಿಷನ್ನನ್ನು ಆಸ್ಪತ್ರೆಯವರು ಒಯ್ದಾಗ ಬಾಗಿಲ ತನಕ ಹೋಗಿ ಅದರ ಚಕ್ರ ಹೊಸ್ತಿಲು ದಾಟುವಾಗ ತಾವೂ ಕೈ ಹಚ್ಚಿದರು. ದಿನಕ್ಕೆ ಹತ್ತು ಸಲ ಪೋರ್ಟಿಕೋದಲ್ಲಿ ಓಡಾಡಿದರೂ ಮೀಟರ್ ಬಾಕ್ಸಿನ ಕಡೆ ಮುಖ ಹಾಕಲಿಲ್ಲ. ಲೋಡಿನ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ವಿನ್ಸೆಂಟ್ ಅವರ ಕಣ್ಣಿಗೆ ಬೀಳದಂತೆ ಹಿಂದಿನ ಮೆಟ್ಟಿಲಿಂದ ಇಳಿದು ಹೋಗುತ್ತಿದ್ದ.

ಹೊರಡುವ ದಿನ ಸಂಜೆ ಟ್ಯಾಕ್ಸಿಗೆ ಕಾಯುತ್ತ ಪೋರ್ಟಿಕೋದ ಕಟ್ಟೆಯ ಮೇಲೆ ಕೂತಿದ್ದರು. ಕಾಲ ಬಳಿ ಒಂದೇ ಪೆಟ್ಟಿಗೆ. ನಾನು ಚಹಾ ಮಾಡಿ ಕೊಟ್ಟೆ. ಲೋಟ ಹಿಡಿದ ಅಂಗೈಯಲ್ಲಿ ಸುಟ್ಟ ಕಲೆ ನುಣ್ಣಗೆ ಹೊಳೆಯುತ್ತಿತ್ತು. ನನಗೆ ಸುಮ್ಮನಿರಲು ಆಗಲಿಲ್ಲ.

"ಒಂದು ಸಲ ಬೈದುಬಿಡಿ ವಸಂತಣ್ಣ. ನಮ್ಮನ್ನೆಲ್ಲ ನಿಲ್ಲಿಸಿ ಬೈದು ಹೋಗಿ. ನೀವು ಹೀಗೆ ಹೋದ್ರೆ ನಾವು ಇಲ್ಲಿ ಹೇಗಿರುದು?"

ಅವರು ಹಗ್ಗದ ಕಡೆ ನೋಡಿದರು. ಅದು ಇನ್ನೂ ಅಲ್ಲೇ ಇತ್ತು, ಖಾಲಿ. ಬೈರಾಸು ಏನಾಯಿತೆಂದು ನಾನು ಕೇಳಿರಲಿಲ್ಲ. ಸುಮತಿಯಕ್ಕನ ಜೊತೆಗೇ ಹೋಯಿತೆಂದು ಆಮೇಲೆ ಗೊತ್ತಾಯಿತು.

"ಎಂತ ಅಂತ ಬೈಯುದು ಟೀಚರೇ? ಎಷ್ಟು ವರ್ಷ ಲೆಕ್ಕ ಹಾಕಿದೆ ನಾನು. ಎಲ್ಲರಿಗೂ ಒಟ್ಟಿಗೇ ಸೆಖೆ ಆಗ್ಬಹುದು ಅಂತ ಬರೆದೆ. ಎಲ್ಲರಿಗೂ ಒಟ್ಟಿಗೇ ಅವಸರ ಆಗ್ಬಹುದು, ಆಸೆ ಆಗ್ಬಹುದು ಅಂತ ಬರೆದೆ. ಇದೊಂದು ಬರೀಲಿಲ್ಲ, ಎಲ್ಲರಿಗೂ ಒಟ್ಟಿಗೇ ಕನಿಕರ ಬರ್ಬಹುದು ಅಂತ." ಗೇಟಿನ ಹೊರಗೆ ಟ್ಯಾಕ್ಸಿ ಹಾರ್ನ್ ಹಾಕಿತು. ಅವರು ಎದ್ದು, ಕುಡಿಯದ ಲೋಟವನ್ನು ನನ್ನ ಕೈಗೆ ಕೊಟ್ಟರು. "ನಿಮ್ಮಲ್ಲಿ ಒಬ್ಬರಿಗಾದ್ರೂ ನನ್ನ ಸುಮತಿಯನ್ನು ಕಂಡರೆ ಆಗದೆ ಇರ್ಬೇಕಿತ್ತು ಟೀಚರೇ."